ವರಾಂಡ: ಕಟಕಟೆಯಿಂದ ಪೇಟೆಬೀದಿಗೆ

ಕನ್ನಡದಲ್ಲಿ ಆಸ್ಪತ್ರೆಗೆ ವರಾಂಡ ಇದೆ. ತಾಲೂಕು ಕಚೇರಿಗೆ ಇದೆ, ಸರ್ಕಾರಿ ಶಾಲೆಗೆ ಇದೆ, ಹಾಸ್ಟೆಲಿಗೆ, ಕೋರ್ಟಿಗೆ ಇದೆ. ಮನೆಯ ಮಾತು ಬಂದ ಕೂಡಲೇ ಪದ ಬದಲಾಗುತ್ತದೆ: ಜಗಲಿ, ಪಡಸಾಲೆ, ಮೊಗಸಾಲೆ, ಕಟ್ಟೆ. ಜಗಲಿಯ ಮೇಲೆ ಕೂತವರಿಗೆ ಬೆಲ್ಲ ನೀರು ಬರುತ್ತದೆ. ವರಾಂಡದಲ್ಲಿ ಕಾದವರಿಗೆ ಟೋಕನ್ ನಂಬರು ಸಿಗುತ್ತದೆ. ಬಂಗಲೆಗೂ ವರಾಂಡ ಉಂಟು, ಆದರೆ ಅಲ್ಲೂ ಸಾಹೇಬರ ದರ್ಬಾರಿನ ವಾಸನೆ ಪೂರ್ತಿ ಹೋಗಿಲ್ಲ. ಹೊರಗೂ ಅಲ್ಲ, ಒಳಗೂ ಅಲ್ಲ ಎನ್ನುವ ಒಂದೇ ಬಗೆಯ ಜಾಗಕ್ಕೆ ನಮ್ಮ ಭಾಷೆ ಎರಡು ಬೇರೆ ಬೇರೆ ಸಾಲುಗಳಲ್ಲಿ ಹೆಸರಿಟ್ಟುಕೊಂಡಿದೆ. ಒಂದು ಸಾಲು ಮನೆತನದ್ದು, ಇನ್ನೊಂದು ಅಧಿಕಾರದ್ದು.

ಈ ಎರಡನೇ ಸಾಲಿನ ಪದ ಊರೂರು ತಿರುಗಿದ್ದು. ಭಾರತದಿಂದ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋಗಿ, ಮೆಲ್ಬರ್ನಿನ ಹಳೆಯ ಉಪನಗರಗಳ ಅಂಗಡಿಬೀದಿಗಳಲ್ಲಿ ನೆಲೆ ನಿಂತು, ಈಗ ಅಲ್ಲಿನ ಪಾರಂಪರಿಕ ಕಟ್ಟಡಗಳ ದಾಖಲೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಅಂಗಡಿಸಾಲಿನ ಬೆಲೆ ಏನು, ಅದನ್ನು ಏಕೆ ಉಳಿಸಬೇಕು ಎಂಬ ಚರ್ಚೆ ಅಲ್ಲಿ ಎದ್ದಾಗ ಕಟ್ಟಡದ ಗೋಡೆಯಷ್ಟೇ ಮುಖ್ಯವಾಗಿ ಫುಟ್‌ಪಾತಿನ ಮೇಲಿನ ಈ ನೆರಳೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿಗೆ ಈ ಪದ ಹೇಗೆ ಹೋಯಿತು, ದಾರಿಯಲ್ಲಿ ಏನನ್ನು ಕಳಚಿ ಏನನ್ನು ಹೊತ್ತುಕೊಂಡಿತು ಎಂಬುದು ನೋಡತಕ್ಕ ವಿಷಯ.

ಮೊದಲು ಹುಟ್ಟಿನ ಜಗಳ. ವರಾಂಡ ಸಂಸ್ಕೃತದ್ದೇ ಎಂದು ವಾದಿಸುವವರಿಗೆ ಆಧಾರ ಇಲ್ಲದಿಲ್ಲ. ಸಂಸ್ಕೃತ ನಿಘಂಟುಗಳಲ್ಲಿ ವರಂಡ, ವರಂಡಕ ಎಂಬ ಪದಗಳಿವೆ. ಮಣ್ಣಿನ ದಿಬ್ಬ, ಕಾದಾಡುವ ಎರಡು ಆನೆಗಳ ನಡುವಿನ ಅಡ್ಡಗೋಡೆ, ಆನೆಯ ಮೇಲಿನ ಅಂಬಾರಿ, ಇಂಥ ಅರ್ಥಗಳ ಜತೆಗೆ ಮುಂಚಾಚಿದ ಮಂಟಪ ಎಂಬ ಅರ್ಥವನ್ನೂ ಕೊಟ್ಟಿದ್ದಾರೆ. ಹಿಂದಿ-ಉರ್ದುವಿನವರು ತಮ್ಮ ಬರಾಮದಾವನ್ನು ಮುಂದೆ ಇಡುತ್ತಾರೆ. ಅದು ಪಾರಸಿಯ ‘ಹೊರಗೆ ಬಂದದ್ದು’ ಎಂಬ ಮಾತಿನಿಂದ ಬಂದದ್ದು. ಮನೆಯಿಂದ ಹೊರಚಾಚಿದ ಭಾಗಕ್ಕೆ ಒಪ್ಪುವ ಹೆಸರೇ. ಪ್ರತಿ ಭಾಷೆಯೂ ಈ ಪದದಲ್ಲಿ ತನ್ನದೇ ಬೇರನ್ನು ಕಂಡುಕೊಂಡಿದೆ.

ಈ ಜಗಳವನ್ನು ಚೆನ್ನಾಗಿ ಜಾಲಾಡಿದ ಪುಸ್ತಕ 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’. ಭಾರತದ ಇಂಗ್ಲಿಷರ ಬಾಯಲ್ಲಿ ಓಡಾಡುತ್ತಿದ್ದ ಪದಗಳ ಕೋಶ ಅದು. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಎ. ಸಿ. ಬರ್ನೆಲ್ ನಮಗೆ ಪರಕೀಯರಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು, ದಕ್ಷಿಣ ಭಾರತದ ಲಿಪಿಗಳ ಬಗ್ಗೆ 1874ರಲ್ಲಿ ಅಲ್ಲೇ ಪುಸ್ತಕ ಅಚ್ಚು ಹಾಕಿಸಿದವರು, ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವರು. ಕೋಶ ಹೊರಬರುವ ಮೊದಲೇ, 1882ರಲ್ಲಿ, ತೀರಿಕೊಂಡರು. ಕೆಲಸ ಮುಗಿಸಿದವರು ಹೆನ್ರಿ ಯೂಲ್.

ಅವರು ಮುಂದಿಟ್ಟ ಸಾಕ್ಷ್ಯದಲ್ಲಿ ಎರಡು ಗಟ್ಟಿಯಾದವು. ವಾಸ್ಕೋ ಡ ಗಾಮನ ಮೊದಲ ಯಾನದ ದಿನಚರಿ 1498ರದು. ಕಲ್ಲಿಕೋಟೆಯಲ್ಲಿ ಒಂದು ರಾತ್ರಿ, ಹಿತ್ತಾಳೆಯ ದೊಡ್ಡ ದೀಪದ ಕಂಬ ಬೆಳಗುತ್ತಿದ್ದ ‘ವರಾಂಡ’ದಲ್ಲಿ ತಾವು ತಂಗಿದ್ದೆವು ಎಂದು ದಿನಚರಿಕಾರ ಬರೆಯುತ್ತಾನೆ. ಭಾರತದ ನೆಲ ಮುಟ್ಟಿ ಕೆಲವೇ ದಿನಗಳಾದವನು ಇಲ್ಲಿನ ಮಾತನ್ನು ಕಲಿತು, ಅರ್ಥವನ್ನೂ ವಿವರಿಸದೆ, ತನ್ನ ಊರಿನವರಿಗೆ ಗೊತ್ತಿರುವ ಪದ ಎಂಬಂತೆ ಬಳಸುವುದು ಕಷ್ಟ. ಇನ್ನೊಂದು, 1505ರಲ್ಲಿ ಗ್ರನಾಡದಲ್ಲಿ ಅಚ್ಚಾದ ಪೆದ್ರೊ ದ ಅಲ್ಕಲಾನ ಸ್ಪ್ಯಾನಿಷ್-ಅರಬ್ಬಿ ಪದಕೋಶ. ಅದರಲ್ಲೂ ವರಾಂಡ ಇದೆ. ಏಳು ವರ್ಷಗಳಲ್ಲಿ ಮಲಬಾರಿನ ಪದ ಗ್ರನಾಡದ ಸನ್ಯಾಸಿಯ ಕೋಶಕ್ಕೆ ಹತ್ತಿತೆಂದು ನಂಬುವುದು ಇನ್ನೂ ಕಷ್ಟ. ಪೋರ್ಚುಗೀಸ್, ಸ್ಪ್ಯಾನಿಷ್ ಭಾಷೆಗಳಲ್ಲಿ ಪದ ಮೊದಲೇ ಇತ್ತು ಎಂದೇ ಒಪ್ಪಬೇಕು. ‘ವಾರ’ ಎಂದರೆ ಅಲ್ಲಿ ಕೋಲು, ಗಳ. ಗಳಗಳನ್ನು ಸಾಲಾಗಿ ನಿಲ್ಲಿಸಿ ಕಟ್ಟಿದ ಕಟಕಟೆ ವರಾಂಡ. ಇಂದಿಗೂ ಸ್ಪ್ಯಾನಿಷಿನಲ್ಲಿ ‘ಬರಾಂಡ’ ಎಂದರೆ ಕಟಕಟೆಯೇ. ಪೋರ್ಚುಗೀಸರಿಗೆ ವರಾಂಡ ಎಂದರೆ ಬಾಲ್ಕನಿ.

ಅಂದರೆ ಮೇಜು, ಚಾವಿ, ಅಲಮಾರು, ಇಸ್ತ್ರಿ ಬಂದ ಹಡಗಿನಲ್ಲೇ ವರಾಂಡವೂ ಬಂತು. ಆದರೆ ಇಲ್ಲಿಗೆ ಬಂದಮೇಲೆ ಅದರ ಅರ್ಥದ ಭಾರ ಬೇರೆ ಕಡೆ ವಾಲಿತು. ಯುರೋಪಿನಲ್ಲಿ ಅದು ಬೀಳದಂತೆ ತಡೆಯುವ ಕಟಕಟೆ. ಮಲಬಾರಿನ ಮಳೆ, ಮದ್ರಾಸಿನ ಬಿಸಿಲಿನಲ್ಲಿ ಕಟಕಟೆ ಕಟ್ಟಿಕೊಂಡು ಏನು ಮಾಡುವುದು? ಮೇಲಿನ ಚಾವಣಿಯೇ ಮುಖ್ಯವಾಯಿತು. 1711ರಲ್ಲಿ ಭಾರತದ ವ್ಯಾಪಾರದ ಬಗ್ಗೆ ಪುಸ್ತಕ ಬರೆದ ಚಾರ್ಲ್ಸ್ ಲಾಕ್ಯರ್ ಎಂಬ ಇಂಗ್ಲಿಷಿನವನು, ಇಳಿಜಾರು ಚಾವಣಿಯನ್ನು ಹೊತ್ತ ಸಣ್ಣ ಕಂಬಗಳ ಸಾಲಿಗೆ ಪೋರ್ಚುಗೀಸ್ ಮಾತಿನಲ್ಲಿ ವರಾಂಡ ಎನ್ನುತ್ತಾರೆ ಎಂದು ತನ್ನವರಿಗೆ ಬಿಡಿಸಿ ಹೇಳಿದ. ಅವನ ವಿವರಣೆಯಲ್ಲಿ ಕಟಕಟೆಯ ಸುದ್ದಿಯೇ ಇಲ್ಲ. ತಡೆಯುವುದು ಎಂಬ ಹಳೆಯ ಅರ್ಥ ಕಳಚಿ, ನೆರಳು ಕೊಡುವುದು ಎಂಬ ಹೊಸ ಅರ್ಥ ಭಾರತದಲ್ಲಿ ಕೂಡಿಕೊಂಡಿತು. ಪದ ಪೋರ್ಚುಗೀಸರದಿರಬಹುದು, ಅರ್ಥ ನಮ್ಮ ಹವಾಮಾನದ್ದು.

ಹೀಗೆ ಅರ್ಥ ಬದಲಿಸಿಕೊಂಡ ಪದವನ್ನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಎತ್ತಿಕೊಂಡಿತು. ದಂಡುಪ್ರದೇಶದ ಬಂಗಲೆಗಳಿಗೆಲ್ಲ ಸುತ್ತ ವರಾಂಡ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯೂರಿದ ಮೇಲೆ ಬೆಳೆದ ಬಂಗಲೆಗಳಲ್ಲೂ ಇದೇ ಮಾದರಿ. ಮರದ ಪಟ್ಟಿಗಳ ಚೂಪು ತಲೆಯ ‘ಮಂಕಿ ಟಾಪ್’ ಅದಕ್ಕೆ ಇಲ್ಲಿನವರು ತೊಡಿಸಿದ ಟೊಪ್ಪಿಗೆ. ನಮ್ಮ ಸರ್ಕಾರಿ ಕಟ್ಟಡಗಳಿಗೆ ವರಾಂಡ ಅಂಟಿಕೊಂಡದ್ದು ಈ ದಾರಿಯಲ್ಲೇ.

ಮನೆಯ ಸುತ್ತಲಿದ್ದ ವರಾಂಡ ಬೀದಿಯ ಲೆಕ್ಕಕ್ಕೆ ಬಂದ ಕಥೆ ಸಿಂಗಪುರದ್ದು. ಅಲ್ಲಿ 1822ರಲ್ಲಿ ಊರಿನ ನಕ್ಷೆ ಹಾಕಿಸಿದ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಒಂದು ಕಟ್ಟಲೆ ಮಾಡಿದ. ಬೀದಿಯ ಎರಡೂ ಬದಿಯ ಪ್ರತಿ ಕಟ್ಟಡಕ್ಕೂ ಇಷ್ಟು ಅಗಲದ ವರಾಂಡ ಇರಬೇಕು, ಅದು ಸದಾ ತೆರೆದಿರಬೇಕು, ಒಂದರಿಂದ ಇನ್ನೊಂದಕ್ಕೆ ಜನ ನೆರಳಲ್ಲೇ ನಡೆದು ಹೋಗುವಂತಿರಬೇಕು. ಕಟ್ಟುವವನು ಮನೆಯವನು, ನಡೆಯುವವನು ಯಾರೋ. ಕಾಗದದ ಮೇಲೆ ಚೆಂದ. ಆದರೆ ಅಂಗಡಿಯವನು ತನ್ನ ದುಡ್ಡಿನಲ್ಲಿ ಕಟ್ಟಿಸಿದ ಜಾಗದಲ್ಲಿ ಅಕ್ಕಿಮೂಟೆ ಇಡದೆ ಇರುತ್ತಾನೆಯೇ? ತಕರಾರು ಬೆಳೆಯುತ್ತ ಬಂದು 1888ರ ಫೆಬ್ರುವರಿಯಲ್ಲಿ ಪುರಸಭೆ ವರಾಂಡಗಳನ್ನು ಬಲವಂತವಾಗಿ ತೆರವು ಮಾಡಿಸಲು ಹೊರಟಿತು. ಅಂಗಡಿಗಳು ಬಾಗಿಲು ಹಾಕಿದವು, ಕಲ್ಲು ತೂರಾಟ ನಡೆಯಿತು. ಚರಿತ್ರೆಯಲ್ಲಿ ಅದಕ್ಕೆ ‘ವರಾಂಡ ಗಲಭೆ’ ಎಂದೇ ಹೆಸರು. ಒಂದು ವಾಸ್ತುಭಾಗದ ಹೆಸರಿನಲ್ಲಿ ಗಲಭೆ ಆಗಬೇಕಾದರೆ ಅದು ಬರೀ ವಾಸ್ತುಭಾಗವಾಗಿ ಉಳಿದಿರಲಿಲ್ಲ ಎಂದೇ ಅರ್ಥ.

ಆಸ್ಟ್ರೇಲಿಯಕ್ಕೆ ಪದ ಹೋದದ್ದು ಇನ್ನೂ ಮೊದಲೇ. ಸಿಡ್ನಿ ವಸಾಹತಿನ ಆರಂಭದ ವರ್ಷಗಳಲ್ಲಿ ಅದರ ಉಗ್ರಾಣ ತುಂಬುತ್ತಿದ್ದ ಊರುಗಳಲ್ಲಿ ಕಲ್ಕತ್ತ ಒಂದು. ಅಕ್ಕಿ, ಸಕ್ಕರೆ, ರಮ್ಮು ಅಲ್ಲಿಂದ ಹೋಗುತ್ತಿದ್ದವು. ಕಲ್ಕತ್ತದ ವ್ಯಾಪಾರಿ ಮನೆತನದ ರಾಬರ್ಟ್ ಕ್ಯಾಂಬೆಲ್ 1798ರಲ್ಲಿ ಸಿಡ್ನಿಗೆ ಹೋಗಿ ಮುಂದೆ ಅಲ್ಲೇ ನೆಲೆಸಿದ. ಬಂದರಿನ ಒಂದು ಮೂಲೆಗೆ ಇಂದಿಗೂ ಅವನ ಹೆಸರಿದೆ. ಭಾರತದಲ್ಲಿ ಇದ್ದು ಬಂದ ಅಧಿಕಾರಿಗಳು, ಸೈನಿಕರು, ವ್ಯಾಪಾರಿಗಳ ಬಾಯಲ್ಲಿ ವರಾಂಡ ಇತ್ತು. ಬಿಸಿಲಿನ ಆ ಹೊಸ ನಾಡಿನಲ್ಲಿ ಮನೆಗಳಿಗೂ ಬಂತು. 1793ರಲ್ಲಿ ಕಟ್ಟತೊಡಗಿದ ಪ್ಯಾರಮ್ಯಾಟಾದ ಎಲಿಜಬೆತ್ ಫಾರ್ಮ್ ಮನೆ ಇಂದು ತನ್ನ ಅಗಲವಾದ ವರಾಂಡಕ್ಕೇ ಹೆಸರುವಾಸಿ.

ಮೆಲ್ಬರ್ನ್ ಹುಟ್ಟಿದ್ದು 1835ರಲ್ಲಿ. 1851ರಲ್ಲಿ ಅದಿದ್ದ ಪ್ರಾಂತ ನ್ಯೂ ಸೌತ್ ವೇಲ್ಸಿನಿಂದ ಬೇರೆಯಾಗಿ ವಿಕ್ಟೋರಿಯಾ ರಾಣಿಯ ಹೆಸರನ್ನೇ ಇಟ್ಟುಕೊಂಡಿತು. ಅದೇ ವರ್ಷ ಚಿನ್ನ ಸಿಕ್ಕಿತು. ದುಡ್ಡು ಹರಿದು ಬಂದಂತೆ ಊರು ಹರಡಿತು. ಕಾಲಿನ್ಸ್ ಸ್ಟ್ರೀಟಿನಲ್ಲಿ ಚಿನ್ನದ ಗಣಿಗಳ ಷೇರು ಕೊಳ್ಳುವವರು, ಮಾರುವವರು ಒಂದು ವರಾಂಡದ ಕೆಳಗೆ ಸೇರುತ್ತಿದ್ದರು. ಕೊನೆಗೆ ‘ವರಾಂಡದ ಕೆಳಗೆ’ ಎಂದರೆ ಷೇರುಪೇಟೆ ಎಂದೇ ಅರ್ಥವಾಯಿತು. ನಮ್ಮಲ್ಲಿ ‘ಕಟ್ಟೆಯ ಮಾತು’ ಎಂದರೆ ಸಾಕು, ಯಾವ ಮಾತು ಎಂದು ಹೇಳಬೇಕಿಲ್ಲವಲ್ಲ, ಹಾಗೆ.

ಇನ್ನು ಉಪನಗರದ ಅಂಗಡಿಬೀದಿ. ಸ್ಮಿತ್ ಸ್ಟ್ರೀಟನ್ನೇ ನೋಡೋಣ. ಒಂದು ಬದಿ ಫಿಟ್ಜ್‌ರಾಯ್, ಇನ್ನೊಂದು ಬದಿ ಕಾಲಿಂಗ್‌ವುಡ್. ಎರಡು ಹಳೆಯ ಪುರಸಭೆಗಳ ಗಡಿಯೇ ಬೀದಿ. 1887ರಲ್ಲಿ ಈ ಬೀದಿಗೆ ಕೇಬಲ್ ಟ್ರ್ಯಾಮ್ ಬಂತು. ನೆಲದಡಿಯ ಕಾಲುವೆಯಲ್ಲಿ ಓಡುವ ಉಕ್ಕಿನ ಹಗ್ಗವನ್ನು ಬಂಡಿ ಕಚ್ಚಿಕೊಂಡು ಸಾಗುವ ಏರ್ಪಾಡು ಅದು. ಹಗ್ಗವನ್ನು ಎಳೆಯುತ್ತಿದ್ದ ಎಂಜಿನ್ ಮನೆ ಗರ್ಟ್ರೂಡ್ ಸ್ಟ್ರೀಟಿನ ಮೂಲೆಯಲ್ಲಿ ಈಗಲೂ ನಿಂತಿದೆ. ಟ್ರ್ಯಾಮ್ ಬಂದಲ್ಲಿ ಗಿರಾಕಿ, ಗಿರಾಕಿ ಬಂದಲ್ಲಿ ಎರಡು ಅಂತಸ್ತಿನ ಅಂಗಡಿ. 1880ರ ದಶಕ ಜಮೀನಿನ ಬೆಲೆ ಹುಚ್ಚು ಹಿಡಿದು ಏರಿದ ಕಾಲ. ಫಾಯ್ ಅಂಡ್ ಗಿಬ್ಸನ್ ಎಂಬ ಜವಳಿ ಮಳಿಗೆ ಈ ಬೀದಿಯಲ್ಲಿ ಬೆಳೆದು, ಹಿಂದಿನ ಓಣಿಗಳಲ್ಲಿ ತನ್ನದೇ ಕಾರ್ಖಾನೆಗಳ ಸಾಲು ಕಟ್ಟಿಕೊಂಡು, ಉಣ್ಣೆಯಿಂದ ಬಟ್ಟೆಯವರೆಗೆ ತಾನೇ ಮಾಡಿ ಮಾರಿತು. ಜಿ. ಜೆ. ಕೋಲ್ಸ್ ತನ್ನ ಮೊದಲ ಅಂಗಡಿ ತೆರೆದದ್ದೂ ಈ ಬೀದಿಯಲ್ಲೇ, 1914ರಲ್ಲಿ. ಇಂದು ಆಸ್ಟ್ರೇಲಿಯದಲ್ಲಿರುವ ಕನ್ನಡಿಗರು ಬೇಳೆ, ಹಾಲು ತರಲು ಹೋಗುವ ಕೋಲ್ಸ್ ಸೂಪರ್‌ಮಾರ್ಕೆಟ್ಟಿನ ಮೂಲ ಅದು.

ಇಂಥ ಅಂಗಡಿಯ ಮುಖವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಗಾಜಿನ ಪ್ರದರ್ಶನ ಕಿಟಕಿ, ನಡುವೆ ಒಂದಿಷ್ಟು ಒಳಕ್ಕೆ ಸರಿದ ಬಾಗಿಲು. ಮೇಲಂತಸ್ತಿನಲ್ಲಿ ಅಂಗಡಿಯವನ ಸಂಸಾರ. ಅದರ ಕಿಟಕಿಗಳ ಸುತ್ತ ಗಾರೆಯ ಅಲಂಕಾರ. ತುದಿಯಲ್ಲಿ ಪ್ಯಾರಪೆಟ್ ಗೋಡೆ, ಅದರ ಮೇಲೆ ಗಾರೆಯ ಕಲಶಗಳು, ನಡುವೆ ಕಟ್ಟಡದ ಹೆಸರು, ಇಸವಿ. ಹಿಂದೆ ಮಲ ಹೊರುವ ಗಾಡಿ ಬರಲು ಕಲ್ಲುಹಾಸಿನ ಓಣಿ. ಈ ಓಣಿ ಬಿಟ್ಟರೆ ಉಳಿದದ್ದೆಲ್ಲ ಆ ಅಂಗಡಿಯವನೊಬ್ಬನದು. ಮುಂದಿನ ವರಾಂಡ ಮಾತ್ರ ಅವನ ಗೋಡೆಯಿಂದ ಹೊರಟು ಪುರಸಭೆಯ ಫುಟ್‌ಪಾತನ್ನು ದಾಟಿ, ರಸ್ತೆಯ ಅಂಚಿನ ಕಲ್ಲಿನ ಬಳಿ ಬೀಡುಕಬ್ಬಿಣದ ಕಂಬಗಳ ಮೇಲೆ ನಿಂತಿತ್ತು. ಮೇಲೆ ಅಲೆತಗಡು, ಅಂಚಿನಲ್ಲಿ ಕೆಲವೊಮ್ಮೆ ಎತ್ತಿನ ಮೂಗಿನ ಹಾಗೆ ಬಾಗಿದ್ದಕ್ಕೆ ‘ಬುಲ್‌ನೋಸ್’ ಎಂದೇ ಹೆಸರು. ಕಂಬಗಳ ನಡುವೆ ಎರಕ ಹೊಯ್ದ ಕಬ್ಬಿಣದ ಜಾಲರಿ.

ವ್ಯಾಪಾರಿಗೆ ಇದರ ಲಾಭ ನೇರವಾದದ್ದು. ಜವಳಿ ಬಿಸಿಲಿಗೆ ಬಣ್ಣ ಬಿಡುವುದಿಲ್ಲ. ಮಳೆ ಬಂದರೂ ಗಿರಾಕಿ ಓಡುವುದಿಲ್ಲ. ಇನ್ನೂ ಹತ್ತು ಹೆಜ್ಜೆ ನಡೆದು ಪಕ್ಕದ ಕಿಟಕಿಯನ್ನೂ ನೋಡುತ್ತಾನೆ. ಹೆಸರಿನ ಹಲಗೆ ತೂಗುಹಾಕಲು ಜಾಗ ಸಿಕ್ಕಿತು. ಆದರೆ ಒಬ್ಬನ ವರಾಂಡ ಒಂದು ಸಣ್ಣ ನೆರಳು ಅಷ್ಟೇ. ಪಕ್ಕದವನದು ಅದಕ್ಕೆ ಕೂಡಿಕೊಂಡು, ಅದಕ್ಕೆ ಮೂರನೆಯದು ಸೇರಿದಾಗ ಮಾತ್ರ ಬೀದಿಗೆ ಬೀದಿಯೇ ನೆರಳಾಯಿತು. ಅದಕ್ಕೇ ಎತ್ತರ, ಅಗಲ, ಕಂಬ ನಿಲ್ಲುವ ಗೆರೆ ಇವುಗಳಿಗೆ ಪುರಸಭೆಗಳು ನಿಯಮ ಮಾಡಿದವು. ಪೈಪೋಟಿಯಲ್ಲಿರುವ ಅಂಗಡಿಯವರು ತಮ್ಮ ತಮ್ಮ ಲಾಭಕ್ಕೆ ಕಟ್ಟಿಸಿದ್ದು ಒಟ್ಟಿನಲ್ಲಿ ದಾರಿಹೋಕರ ಸೊತ್ತಾಯಿತು. ಸಿಂಗಪುರದಲ್ಲಿ ಆಜ್ಞೆಯಿಂದ ಆದದ್ದು ಇಲ್ಲಿ ಮುಖ್ಯವಾಗಿ ವ್ಯಾಪಾರದ ಬುದ್ಧಿಯಿಂದ ಆಯಿತು.

ಇಪ್ಪತ್ತನೇ ಶತಮಾನ ಈ ಕಂಬಗಳಿಗೆ ಆಗಿಬರಲಿಲ್ಲ. ಮೋಟಾರು ಬಂತು, ರಸ್ತೆಯಂಚಿನ ಕಂಬ ಅಡ್ಡಿ ಎನಿಸಿತು. ಗೋಡೆಯಿಂದ ಕಬ್ಬಿಣದ ಸರಳುಗಳಲ್ಲಿ ಎಳೆದು ಹಿಡಿದ, ಕಂಬವಿಲ್ಲದ ಸಜ್ಜಗಳು ಹೊಸ ಕಾಲದ ಗುರುತಾದವು. 1956ರ ಒಲಿಂಪಿಕ್ಸ್ ಮೆಲ್ಬರ್ನಿನಲ್ಲಿ ನಡೆಯುವುದಿದ್ದಾಗ, ಬರುವ ಅತಿಥಿಗಳ ಮುಂದೆ ಊರು ಹಳತಾಗಿ ಕಾಣಬಾರದೆಂದು ನಗರಮಧ್ಯದ ಕಂಬದ ವರಾಂಡಗಳನ್ನು ತೆಗೆಸಲು ಹುಕುಂ ಆಯಿತು. ಉಪನಗರಗಳಲ್ಲೂ ಒಂದೊಂದಾಗಿ ಉರುಳಿದವು. ಜಾಲರಿಗಳು ಗುಜರಿಗೆ ಹೋದವು. ಆಗ ಅವುಗಳ ಬೆನ್ನು ಹತ್ತಿದವರು ವಾಸ್ತುತಜ್ಞರಲ್ಲ, ನರರೋಗ ತಜ್ಞ ಡಾ. ಇ. ಗ್ರೇಮ್ ರಾಬರ್ಟ್‌ಸನ್. ಅವರು ಬೀದಿ ಬೀದಿ ಅಲೆದು ತೆಗೆದ ಚಿತ್ರಗಳ, ಬೀಡುಕಬ್ಬಿಣದ ಅಲಂಕಾರವನ್ನೇ ಕುರಿತ ಪುಸ್ತಕ 1960ರಲ್ಲಿ ಬಂತು. ಅದರ ಹೆಸರಿನಲ್ಲೇ ‘ವಿಕ್ಟೋರಿಯನ್ ಪರಂಪರೆ’ ಎಂಬ ಮಾತಿತ್ತು. ಗುಜರಿ ಎಂದುಕೊಂಡದ್ದಕ್ಕೆ ಪರಂಪರೆ ಎಂಬ ಹೆಸರು ಕೊಡುವ ಧೈರ್ಯ ಆಗಿನ್ನೂ ಅಪರೂಪ.

ಕಾನೂನು ನಿಧಾನವಾಗಿ ಬಂತು. 1974ರಲ್ಲಿ ವಿಕ್ಟೋರಿಯಾ ರಾಜ್ಯ ಐತಿಹಾಸಿಕ ಕಟ್ಟಡಗಳ ಕಾಯಿದೆ ಮಾಡಿತು. 1979ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಬರ್ರಾ ಎಂಬ ಹಳೆಯ ತಾಮ್ರದ ಗಣಿಯೂರಿನಲ್ಲಿ ಸಂರಕ್ಷಣೆಯ ತತ್ತ್ವಗಳ ಸನ್ನದು ಅಂಗೀಕಾರವಾಯಿತು. ಈಗ ಸ್ಮಿತ್ ಸ್ಟ್ರೀಟಿನಂಥ ಬೀದಿ ‘ಹೆರಿಟೇಜ್ ಓವರ್‌ಲೇ’ ಎಂಬ ಯೋಜನಾ ನಿಯಮದಡಿ ಬರುತ್ತದೆ. ಹೊರಮುಖವನ್ನು ಕೆಡವಲು, ಬದಲಿಸಲು ಅನುಮತಿ ಬೇಕು. ಪ್ರತಿ ತಾಣಕ್ಕೂ ಒಂದು ಮಹತ್ವದ ಹೇಳಿಕೆ ಇರುತ್ತದೆ. ಅದು ಮೂರು ಪ್ರಶ್ನೆಗಳಿಗೆ ಉತ್ತರ: ಮಹತ್ವದ್ದು ಯಾವುದು, ಯಾವ ಬಗೆಯಲ್ಲಿ ಮಹತ್ವದ್ದು, ಏಕೆ ಮಹತ್ವದ್ದು. ಒಂದೊಂದು ಕಟ್ಟಡಕ್ಕೂ ದರ್ಜೆ ಉಂಟು: ತಾನೇ ಮಹತ್ವದ್ದು, ಬೀದಿಯ ಮಹತ್ವಕ್ಕೆ ಕೈಜೋಡಿಸುವಂಥದ್ದು, ಕೈಜೋಡಿಸದ್ದು. ಎರಡನೆಯ ದರ್ಜೆಯಲ್ಲೇ ಅಂಗಡಿಬೀದಿಯ ಮರ್ಮ ಇದೆ. ಅಲ್ಲಿನ ಬಹುಪಾಲು ಅಂಗಡಿಗಳು ಒಂದೊಂದಾಗಿ ನೋಡಿದರೆ ಸಾಮಾನ್ಯ. ಸಾಲಾಗಿ ನಿಂತಾಗ ಮಾತ್ರ ಅಸಾಮಾನ್ಯ.

ಕಳೆದುಹೋದ ವರಾಂಡವನ್ನು ಮತ್ತೆ ಕಟ್ಟಬಹುದೇ? ಬರ್ರಾ ಸನ್ನದು ಇಲ್ಲಿ ಬಿಗಿ. ಹಿಂದಿನ ರೂಪಕ್ಕೆ ಸಾಕಷ್ಟು ಸಾಕ್ಷ್ಯ ಇದ್ದರೆ ಮಾತ್ರ ಮರುನಿರ್ಮಾಣ, ಊಹೆಗೆ ಜಾಗವಿಲ್ಲ. ಸಾಕ್ಷ್ಯ ಸಿಗುವುದು ವಿಚಿತ್ರ ಕಡೆಗಳಲ್ಲಿ. 1891ರಲ್ಲಿ ಹುಟ್ಟಿದ ನೀರು-ಒಳಚರಂಡಿ ಮಂಡಳಿ ಮೆಲ್ಬರ್ನಿಗೆಲ್ಲ ಚರಂಡಿ ಹಾಕಲು ಹೊರಟಾಗ ಒಂದಂಗುಲಕ್ಕೆ ನಲವತ್ತು ಅಡಿಯ ಲೆಕ್ಕದಲ್ಲಿ ನಕ್ಷೆ ಬರೆಸಿತು. ಚರಂಡಿಯವರಿಗೆ ಬೇಕಿದ್ದದ್ದು ಪಾಯಿಖಾನೆ ಎಲ್ಲಿದೆ ಎಂಬುದು. ಆದರೆ ನಕ್ಷೆ ಬರೆದವರು ಕಟ್ಟುನಿಟ್ಟಿನವರು. ಫುಟ್‌ಪಾತಿನ ಮೇಲಿನ ವರಾಂಡವನ್ನೂ ಗೆರೆ ಎಳೆದು ತೋರಿಸಿದರು. ಇಂದು ಅನುಮತಿ ಕೇಳುವವನು ಆ ಗೆರೆಯನ್ನೂ ಹಳೆಯ ಫೋಟೊವನ್ನೂ ಅಕ್ಕಪಕ್ಕ ಇಟ್ಟು ವಾದಿಸುತ್ತಾನೆ. ಗೋಡೆಯಲ್ಲಿ ತಗಡಿನ ಅಂಚು ಕೂರಿಸಿದ್ದ ಕಚ್ಚು ಉಳಿದಿದ್ದರೆ ವಾದ ಇನ್ನೂ ಗಟ್ಟಿ.

ಆದರೂ ಈ ಇಡೀ ವ್ಯವಸ್ಥೆ ಕಾಯುವುದು ಕಟ್ಟಡವನ್ನು; ಕಟ್ಟಡದ ಕೆಳಗೆ ನಡೆಯುವುದನ್ನಲ್ಲ. ಬೂಟಿನ ಅಂಗಡಿ ಬಾರ್ ಆದರೆ, ಬೇಕರಿ ಬಟ್ಟೆಯ ಬುಟಿಕ್ ಆದರೆ ಓವರ್‌ಲೇ ಚಕಾರ ಎತ್ತುವುದಿಲ್ಲ. ಫಿಟ್ಜ್‌ರಾಯ್-ಕಾಲಿಂಗ್‌ವುಡ್ ಹಿಂದೆ ದುಡಿಯುವವರ ಕೇರಿಯಾಗಿತ್ತು. ಎರಡನೇ ಮಹಾಯುದ್ಧದ ನಂತರ ಯುರೋಪಿನಿಂದ ಬಂದ ವಲಸಿಗರಿಗೆ ಅಗ್ಗದ ಬಾಡಿಗೆ ಸಿಕ್ಕಿದ್ದು ಅಲ್ಲಿ. ಮೂಲನಿವಾಸಿಗಳು ಒಂದೆಡೆ ಸೇರುತ್ತಿದ್ದ, ಸಂಘಟಿತರಾಗುತ್ತಿದ್ದ ಬೀದಿಗಳೂ ಅವೇ. ಅವರೇ ನಡೆಸುವ ಆರೋಗ್ಯ ಸೇವೆ 1973ರಲ್ಲಿ ಶುರುವಾದದ್ದು ಪಕ್ಕದ ಗರ್ಟ್ರೂಡ್ ಸ್ಟ್ರೀಟಿನಲ್ಲಿ. ಈ ಯಾವುದೂ ಗಾರೆಯ ಕಲಶದ ಮೇಲೆ ಬರೆದಿಲ್ಲ. 2021ರಲ್ಲಿ ‘ಟೈಮ್ ಔಟ್’ ಪತ್ರಿಕೆ ಸ್ಮಿತ್ ಸ್ಟ್ರೀಟನ್ನು ಜಗತ್ತಿನ ಅತಿ ‘ಕೂಲ್’ ಬೀದಿ ಎಂದು ಕರೆಯಿತು. ಅಂಥ ಬಿರುದು ಬಂದಲ್ಲಿ ಬಾಡಿಗೆ ಇಳಿಯುವುದಿಲ್ಲ. ಬರ್ರಾ ಸನ್ನದು ಹೇಳುವ ಮೌಲ್ಯಗಳಲ್ಲಿ ಸಾಮಾಜಿಕ ಮೌಲ್ಯವೂ ಒಂದು. ಆದರೆ ಅದನ್ನು ಅಳೆಯುವ ಪಟ್ಟಿ ಎರಕದ ಜಾಲರಿಯನ್ನು ಅಳೆಯುವ ಪಟ್ಟಿಯಷ್ಟು ಕರಾರುವಾಕ್ಕಾಗಿಲ್ಲ.

ವರಾಂಡ ಎಂಬ ಪದದ ಚರಿತ್ರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ. ಕಟಕಟೆ, ಕಂಬ, ತಗಡು, ಜಾಲರಿ, ಸಜ್ಜ: ಈ ಪದ ಹೋದಲ್ಲೆಲ್ಲ ಸಾಮಗ್ರಿ ಬದಲಾಗಿದೆ. ಫ್ರಾನ್ಸಿನಲ್ಲಂತೂ ‘ವೆರಾಂಡ’ ಎಂದರೆ ಮನೆಗೆ ಅಂಟಿಕೊಂಡ, ಗಾಜು ಮುಚ್ಚಿದ ಕೋಣೆ. ಸಿಂಗಪುರದಲ್ಲಿ ಕಲ್ಲು ತೂರಿದವರೂ ಮೆಲ್ಬರ್ನಿನಲ್ಲಿ ಮಳೆಗೆ ನಿಂತವರೂ ತಕರಾರು ತೆಗೆದದ್ದು, ಅನುಭವಿಸಿದ್ದು ಸಾಮಗ್ರಿಯನ್ನಲ್ಲ; ಅದರ ಕೆಳಗಿನ ನೆಲದ ಮೇಲೆ ಯಾರಿಗೆ ಎಷ್ಟು ಹಕ್ಕು ಎಂಬುದನ್ನು. ಅಂಗಡಿಬೀದಿಯ ಮಹತ್ವವನ್ನು ಬರೆಯುವವರು ಮೂರು ಪ್ರಶ್ನೆಗಳ ಜತೆ ನಾಲ್ಕನೆಯದೊಂದನ್ನು ಕೇಳಿಕೊಳ್ಳಬೇಕು: ಕೊಳ್ಳದೆ ಸುಮ್ಮನೆ ನಿಲ್ಲುವವರಿಗೆ ಇಲ್ಲಿ ಜಾಗ ಇದೆಯೇ? ನಮ್ಮ ನಿಘಂಟುಕಾರರೂ ವರಾಂಡಕ್ಕೆ ‘ಮೊಗಸಾಲೆ, ಪಡಸಾಲೆ’ ಎಂದು ಬರೆದು ಕೈತೊಳೆದುಕೊಳ್ಳದೆ ಇನ್ನೊಂದು ಅರ್ಥ ಸೇರಿಸಿದರೆ ತಪ್ಪಾಗದು: ಕಟ್ಟಿದವರು ಒಬ್ಬರು, ಅದರಡಿ ನಿಲ್ಲಲು ಅಪ್ಪಣೆ ಕೇಳಬೇಕಾಗಿಲ್ಲದವರು ಹಲವರು, ಅಂಥ ಚಾವಣಿ.